ಧೌಲಾಧಾರದ ತಪ್ಪಲಿನ ಮಣ್ಣಿನ ಮನೆಗಳು

ಪಠಾಣಕೋಟೆಯಿಂದ ಪಾಲಂಪುರಕ್ಕೆ ಹೊರಟ ಬಸ್ಸು ಪಂಜಾಬಿನ ಬಯಲನ್ನು ದಾಟಿ ಗುಡ್ಡಗಳ ನಡುವೆ ನುಸುಳತೊಡಗಿದಾಗ ಎಡಗಡೆಯ ಕಿಟಕಿಯ ಪಕ್ಕ ಕುಳಿತವರೇ ಪುಣ್ಯವಂತರು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಧೌಲಾಧಾರ ಎದ್ದು ನಿಲ್ಲುತ್ತದೆ. ಬೇರೆಡೆ ಹಿಮಾಲಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಲ್ಲಿ ಹಾಗಲ್ಲ. ಗದ್ದೆ, ಚಹಾ ತೋಟ, ಪೈನ್ ಮರಗಳ ಸಾಲು, ಅದರ ಬೆನ್ನಿಗೇ 4500 ಮೀಟರಿಗೂ ಮಿಕ್ಕಿ ಎತ್ತರದ ಹಿಮದ ಗೋಡೆ. 1929ರಲ್ಲಿ ಪಠಾಣಕೋಟೆಯಿಂದ ಜೋಗಿಂದರ್‌ನಗರದವರೆಗೆ ಹಾಕಿದ 164 ಕಿಲೋಮೀಟರ್ ಉದ್ದದ ಪುಟ್ಟ ರೈಲು ಹಳಿ ರಸ್ತೆಯ ಬದಿಗೆ ಆಗಾಗ ಬಂದು ಇಣುಕಿ, ಮತ್ತೆ ಗದ್ದೆಗಳ ನಡುವೆ ಮಾಯವಾಗುತ್ತದೆ.

ಇದು ಹಿಮಾಚಲ ಪ್ರದೇಶದ ಕಾಂಗ್ಡಾ ಕಣಿವೆ. ಬಂದವರೆಲ್ಲ ಹಿಮಶಿಖರ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ, ಧರ್ಮಶಾಲಾಕ್ಕೆ ಹೋಗಿ ಬೌದ್ಧ ವಿಹಾರ ನೋಡುತ್ತಾರೆ. ಗದ್ದೆಯಂಚಿನ ಮನೆಗಳನ್ನು ನಿಂತು ನೋಡುವವರು ಕಡಿಮೆ. ಕೆಮ್ಮಣ್ಣು ಬಳಿದ ದಪ್ಪ ಗೋಡೆ, ಅದರ ಮೇಲೆ ಬೂದು ಬಣ್ಣದ ಸ್ಲೇಟುಕಲ್ಲಿನ ಇಳಿಜಾರು ಮಾಡು, ಮುಂದೆ ಮರದ ಕಂಬಗಳ ಉದ್ದನೆಯ ಜಗಲಿ, ಅಂಗಳದಲ್ಲಿ ತುಳಸಿ. ನಮ್ಮ ಮಲೆನಾಡಿನವರು ಇಳಿದು ನಿಂತರೆ, ಇದು ಎಲ್ಲೋ ನೋಡಿದ ಮನೆಯಲ್ಲವೇ ಎಂದಾರು.

ಹೀಟರಿಲ್ಲದ, ಫ್ಯಾನೂ ಇಲ್ಲದ ಕಾಲದಲ್ಲಿ ಕಟ್ಟಿದ ಮನೆಗಳಿವು. ಹಾಗಾದರೆ ಅಲ್ಲಿನವರು ಚಳಿಯನ್ನೂ ಸೆಕೆಯನ್ನೂ ಹೇಗೆ ಕಳೆದರು? ಇದರ ಉತ್ತರದಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರದ ಅರ್ಧ ಪುಸ್ತಕವೇ ಅಡಗಿದೆ.

ಮೂರು ವೈರಿಗಳು

ತಪ್ಪಲಿನ ಹವೆ ಬೆಟ್ಟದ ಹವೆಯಂತೆ ಒಂದೇ ತೆರನಲ್ಲ. ಲೇಹ್‌ನಲ್ಲಿ ಕಟ್ಟುವವನಿಗೆ ಚಳಿಯೊಂದೇ ಚಿಂತೆ. ಬಯಲಿನವನಿಗೆ ಬಿಸಿಲೇ ದೊಡ್ಡ ಚಿಂತೆ. ತಪ್ಪಲಿನವನಿಗೆ ಮೂರೂ ಉಂಟು. ಕಾಂಗ್ಡಾ ಕಣಿವೆಯ ತಳದಲ್ಲಿ ಮೇ-ಜೂನ್ ಹಗಲುಗಳಲ್ಲಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಜನವರಿಯ ರಾತ್ರಿ 3-4 ಡಿಗ್ರಿಗೆ ಇಳಿಯುವುದುಂಟು. ಇವೆರಡರ ನಡುವೆ ಮಳೆಗಾಲ. ಬಂಗಾಳ ಕೊಲ್ಲಿಯಿಂದ ಬಂದ ಮೋಡ ಧೌಲಾಧಾರಕ್ಕೆ ಢಿಕ್ಕಿ ಹೊಡೆದು ಅಲ್ಲೇ ಬರಿದಾಗುವುದರಿಂದ ಧರ್ಮಶಾಲಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚುಕಡಿಮೆ ನಮ್ಮ ಮಡಿಕೇರಿಯ ಲೆಕ್ಕ.

ಬಿಸಿಲಿಗೆ ಮನೆ ತೆರೆದಿರಬೇಕು, ಚಳಿಗೆ ಮುಚ್ಚಿರಬೇಕು, ಮಳೆಗೆ ಒಣಗಿರಬೇಕು. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಅಡ್ಡಿಯಾಗಬಾರದು. ಹಳೆಯ ಮೇಸ್ತ್ರಿಗಳು ಈ ಸಮಸ್ಯೆಯನ್ನು ಕಾಗದದ ಮೇಲೆ ಬಿಡಿಸಲಿಲ್ಲ. ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುತ್ತ ತಲೆಮಾರುಗಳಲ್ಲಿ ಬಿಡಿಸಿದರು.

ಗೋಡೆಯ ಲೆಕ್ಕ

ಮನೆಯ ಬುಡದಲ್ಲಿ ಕಲ್ಲಿನ ಕಟ್ಟೆ. ಧೌಲಾಧಾರದಿಂದ ಇಳಿಯುವ ಹಳ್ಳಗಳಿಗೆ ಇಲ್ಲಿ ಖಡ್ಡ್ ಎನ್ನುತ್ತಾರೆ. ಅವು ಉರುಳಿಸಿ ತಂದ ಗುಂಡುಕಲ್ಲುಗಳೇ ಈ ಕಟ್ಟೆಗೆ ಸಾಮಗ್ರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಳ್ಳುತ್ತದೆ. ಕಲ್ಲಿನ ಕಟ್ಟೆ ನಡುವೆ ನಿಂತು ಅದನ್ನು ತಡೆಯುತ್ತದೆ. ಅದರ ಮೇಲೆ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ ಗೋಡೆ. ಇಟ್ಟಿಗೆಯನ್ನು ಸುಡುವುದಿಲ್ಲ, ಹಾಗಾಗಿ ಸೌದೆಯ ಖರ್ಚಿಲ್ಲ. ಒಳಗೂ ಹೊರಗೂ ಮಣ್ಣು, ಸಗಣಿ, ಹೊಟ್ಟು ಕಲಸಿದ ಮೆತ್ತನೆಯ ಲೇಪ. ಗೋಡೆಯ ದಪ್ಪ ಒಂದಡಿಗೆ ಕಡಿಮೆಯಿಲ್ಲ. ಒಂದೂವರೆ ಅಡಿಯದೂ ಸಾಮಾನ್ಯ.

ಈ ದಪ್ಪವೇ ಮನೆಯ ಗುಟ್ಟು. ಹೊರಗಿನ ಬಿಸಿಲು ಗೋಡೆಯ ಮೈಗೆ ಬಿದ್ದೊಡನೆ ಒಳಗೆ ತಲುಪುವುದಿಲ್ಲ. ಮಣ್ಣಿನ ಒಂದೊಂದು ಪದರವೂ ತಾನು ಬಿಸಿಯಾದ ಮೇಲೆಯೇ ಮುಂದಿನ ಪದರಕ್ಕೆ ಶಾಖವನ್ನು ದಾಟಿಸುತ್ತದೆ. ಒಂದಡಿ ದಪ್ಪದ ಮಣ್ಣಿನ ಗೋಡೆಯನ್ನು ಹಗಲಿನ ಶಾಖದ ಅಲೆ ದಾಟಲು ಸುಮಾರು 10 ಗಂಟೆ ಬೇಕು. ಒಂದೂವರೆ ಅಡಿಯಾದರೆ ಇನ್ನೂ ಹೆಚ್ಚು. ಮಧ್ಯಾಹ್ನ 2 ಗಂಟೆಯ ಬಿಸಿಲು ಒಳಗೋಡೆಯನ್ನು ಮುಟ್ಟುವ ಹೊತ್ತಿಗೆ ನಡುರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಅಲೆಯ ಬಲವೂ ಕುಂದಿರುತ್ತದೆ. ಬೇಸಗೆಯಲ್ಲಿ ಆಗ ಕಿಟಕಿ ತೆರೆದರೆ ಬೆಟ್ಟದಿಂದ ಇಳಿಯುವ ತಂಗಾಳಿ ಆ ಶಾಖವನ್ನು ಒಯ್ಯುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದರೆ ಅದೇ ಶಾಖ ಮಲಗಿದವರ ಪಾಲಿಗೆ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 4 ಮೀಟರ್ ಉದ್ದ, 2.5 ಮೀಟರ್ ಎತ್ತರ, 45 ಸೆಂಟಿಮೀಟರ್ ದಪ್ಪದ ಒಂದು ಗೋಡೆ. ಗಾತ್ರ 4.5 ಘನಮೀಟರ್. ಘನಮೀಟರಿಗೆ 1600 ಕಿಲೋಗ್ರಾಂ ಎಂದರೆ ತೂಕ 7200 ಕಿಲೋಗ್ರಾಂ. ಒಂದು ಕಿಲೋಗ್ರಾಂ ಮಣ್ಣನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 0.9 ಕಿಲೋಜೂಲ್ ಬೇಕು. ಅಂದರೆ ಇಡೀ ಗೋಡೆ ಒಂದೇ ಒಂದು ಡಿಗ್ರಿ ತಣಿದರೆ 6480 ಕಿಲೋಜೂಲ್ ಶಾಖ ಹೊರಬರುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ 1.8 ಯೂನಿಟ್. ಅದರಲ್ಲಿ ಒಂದು ಪಾಲು ಹೊರಗಡೆಗೂ ಹೋಗುತ್ತದೆನ್ನಿ. ಆದರೂ ಮನೆಗೆ ಗೋಡೆ ಒಂದಲ್ಲ, ನಾಲ್ಕು.

ಇನ್ನು ಅದೇ ಕೋಣೆಯ ಗಾಳಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 35 ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ಬಿಸಿಮಾಡಲು 35 ಕಿಲೋಜೂಲ್ ಸಾಕು. ಹೀಟರ್ ಹಾಕಿದ ಐದು ನಿಮಿಷದಲ್ಲಿ ಕೋಣೆ ಬೆಚ್ಚಗಾಗುವುದಕ್ಕೂ, ಬಾಗಿಲು ತೆರೆದ ಒಂದೇ ನಿಮಿಷದಲ್ಲಿ ಆ ಬೆಚ್ಚನೆ ಹಾರಿಹೋಗುವುದಕ್ಕೂ ಇದೇ ಕಾರಣ. ಗಾಳಿಯಲ್ಲಿಟ್ಟ ಶಾಖ ಜೇಬಿನ ಚಿಲ್ಲರೆ. ಗೋಡೆಯಲ್ಲಿಟ್ಟದ್ದು ಕಣಜದ ಭತ್ತ.

ಸೂರಿನ ಜಾಣತನ

ಕಾಂಗ್ಡಾ ಕಣಿವೆ 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಹಗಲು ಸೂರ್ಯ ಕ್ಷಿತಿಜದಿಂದ ಸುಮಾರು 81 ಡಿಗ್ರಿ ಮೇಲಿರುತ್ತಾನೆ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ಡಿಸೆಂಬರ್ 22ರಂದು ಬರೀ 34 ಡಿಗ್ರಿ. ಬೆಟ್ಟ ಉತ್ತರಕ್ಕೆ, ಕಣಿವೆ ದಕ್ಷಿಣಕ್ಕೆ ಇರುವುದರಿಂದ ಹಳೆಯ ಮನೆಗಳು ಸಾಧ್ಯವಾದಲ್ಲೆಲ್ಲ ಬೆಟ್ಟಕ್ಕೆ ಬೆನ್ನು ಮಾಡಿ ದಕ್ಷಿಣಕ್ಕೆ ಮುಖ ಮಾಡುತ್ತವೆ. ಸೂರು ಗೋಡೆಯಿಂದ ಒಂದು ಮೀಟರ್ ಮುಂದೆ ಚಾಚಿದ್ದರೆ ಡಿಸೆಂಬರಿನ ನಡುಹಗಲು ಅದರ ನೆರಳು ಗೋಡೆಯ ಮೇಲೆ ಸುಮಾರು 70 ಸೆಂಟಿಮೀಟರಷ್ಟೇ ಇಳಿಯುತ್ತದೆ. ಕೆಳಗಿನ ಗೋಡೆಗೂ ಜಗಲಿಗೂ ಬಿಸಿಲು ಧಾರಾಳ. ಜೂನಿನಲ್ಲಾದರೋ ಅದೇ ಸೂರು ಇಡೀ ಗೋಡೆಯನ್ನು ನೆರಳಿನಲ್ಲಿಡುತ್ತದೆ. ಯಾರೂ ತಿರುಗಿಸಬೇಕಾಗಿಲ್ಲದ, ಋತು ನೋಡಿ ತಾನೇ ತೆರೆದು ಮುಚ್ಚುವ ಪರದೆ ಇದು. ಜನವರಿಯಲ್ಲಿ ಇಡೀ ಊರು ಹಗಲೆಲ್ಲ ಜಗಲಿಯಲ್ಲೇ ಇರುತ್ತದೆ. ಅಕ್ಕಿ ಆರಿಸುವುದು, ಸ್ವೆಟರ್ ಹೆಣೆಯುವುದು, ಮಕ್ಕಳ ಮಗ್ಗಿ, ಮುದುಕರ ಹುಕ್ಕಾ ಎಲ್ಲವೂ ಅಲ್ಲೇ.

ಉತ್ತರದ ಗೋಡೆಗೆ ಕಿಟಕಿ ಕಡಿಮೆ, ಇದ್ದರೂ ಚಿಕ್ಕದು. ರಾತ್ರಿ ಬೆಟ್ಟದ ಮೇಲಿನ ಗಾಳಿ ತಣಿದು ಭಾರವಾಗಿ ನೀರಿನಂತೆ ಕಣಿವೆಗೆ ಹರಿದು ಬರುತ್ತದೆ. ಅದಕ್ಕೆ ಬೆನ್ನು ಕೊಡುವುದೇ ಲೇಸು.

ಮಾಡಿನ ಸ್ಲೇಟುಕಲ್ಲು ಬಂದದ್ದು ಧರ್ಮಶಾಲಾ ಪಕ್ಕದ ಖನಿಯಾರಾದಂಥ ಗಣಿಗಳಿಂದ. ತೆಳ್ಳಗಿನ ಕಲ್ಲು ಬಿಸಿಲಿಗೆ ಬೇಗ ಕಾಯುತ್ತದೆ ನಿಜ. ಆದರೆ ಕಾಯ್ದ ಮಾಡಿಗೂ ವಾಸದ ಕೋಣೆಗೂ ನಡುವೆ ಅಟ್ಟವಿದೆ. ಜೋಳ, ಹುಲ್ಲು, ಹಳೆಯ ಪೆಟ್ಟಿಗೆ ತುಂಬಿದ ಅಟ್ಟ. ಹಲಗೆಯ ಮೇಲೆ ಮಣ್ಣು ಹಾಸಿದ ಅದರ ನೆಲವೇ ಕೆಳಗಿನ ಕೋಣೆಗೆ ಚಾವಣಿ. ಸ್ಲೇಟುಗಳ ಸಂದಿನಿಂದ ಬಿಸಿಗಾಳಿಯೂ ಒಲೆಯ ಹೊಗೆಯೂ ಹೊರಹೋಗುತ್ತವೆ, ಮಳೆ ಮಾತ್ರ ಒಳಬರುವುದಿಲ್ಲ. ಇನ್ನೂ ಮೇಲೆ, ಕುಲ್ಲೂ ಕಡೆಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ದೇವದಾರು ತೊಲೆ ಮತ್ತು ಕಲ್ಲಿನ ಪದರಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವ ಕಾಠ್-ಕುಣಿ ಮನೆ. ಕೆಳ ಅಂತಸ್ತಿನಲ್ಲಿ ದನ, ಮೇಲೆ ಜನ. ಹಸುವೊಂದರ ಮೈಯಿಂದ ಹೊರಡುವ ಕೆಲವು ನೂರು ವ್ಯಾಟ್ ಶಾಖವೂ ಅಲ್ಲಿ ಪೋಲಾಗುವುದಿಲ್ಲ.

ಕೆಂಡದ ಮೋಸ

ಇಷ್ಟಾದರೂ ಮಣ್ಣಿನ ಗೋಡೆಯೇನೂ ಮಾಂತ್ರಿಕನಲ್ಲ. ಅದು ಶಾಖವನ್ನು ಕೂಡಿಡುತ್ತದೆ, ಹುಟ್ಟಿಸುವುದಿಲ್ಲ. ವಾರಗಟ್ಟಲೆ ಮೋಡ ಕವಿದು ಚಳಿ ಹಿಡಿದರೆ ಗೋಡೆಯೂ ತಣಿಯುತ್ತದೆ. ಆಗ ಒಲೆ ಬೇಕು, ಇಲ್ಲವೇ ಅಂಗೀಠಿ ಬೇಕು. ಅಂಗೀಠಿ ಎಂದರೆ ಇದ್ದಿಲ ಕೆಂಡ ತುಂಬುವ ಅಗ್ಗಿಷ್ಟಿಕೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಒಂದೇ ಬಗೆಯ ದುಃಖದ ಸುದ್ದಿ ಬರುತ್ತದೆ: ರಾತ್ರಿ ಅಂಗೀಠಿ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೊಗೆಯಿಲ್ಲದ ಕೆಂಡ ನಿರಪಾಯ ಎಂಬುದು ತಪ್ಪು ತಿಳಿವಳಿಕೆ. ಆಮ್ಲಜನಕ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದ ಅರಿವೂ ಆಗುವುದಿಲ್ಲ. ಸ್ಲೇಟಿನ ಸಂದಿರುವ ಹಳೆಯ ಮನೆಯಲ್ಲಿ ಈ ವಿಷಾನಿಲ ಸ್ವಲ್ಪವಾದರೂ ಹೊರಹೋಗುತ್ತಿತ್ತು. ಬಿಗಿಯಾದ ಹೊಸ ಕೋಣೆಯಲ್ಲಿ ಅದಕ್ಕೂ ದಾರಿಯಿಲ್ಲ. ಹಳೆಯ ಅಭ್ಯಾಸವನ್ನು ಹೊಸ ಮನೆಗೆ ಒಯ್ದರೆ ಹೀಗೆ ಅಪಾಯ ಬೆಳೆಯುತ್ತದೆ.

ಲೆಂಟರ್ ಬಂತು

ಹೊಸ ಮನೆ ಎಂದರೆ ಲೆಂಟರ್ ಮನೆ. ಕಾಂಕ್ರೀಟಿನ ಚಾವಣಿಗೆ ಇಲ್ಲಿನ ಜನ ಇಟ್ಟ ಹೆಸರದು. ಪಾಲಂಪುರದ ಸುತ್ತಿನ ಹಳ್ಳಿಗಳಲ್ಲಿ ಒಂದೇ ಅಂಗಳದ ಒಂದು ಬದಿಗೆ ಅಜ್ಜನ ಕಾಲದ ಮಣ್ಣಿನ ಮನೆ, ಇನ್ನೊಂದು ಬದಿಗೆ ಮಗನ ಕಾಲದ ಲೆಂಟರ್ ಮನೆ ಎದುರುಬದುರು ನಿಂತಿರುವುದನ್ನು ಕಾಣಬಹುದು. ಅಂಥದೊಂದು ಅಂಗಳದಲ್ಲಿ ಜನವರಿಯ ಒಂದು ಸಂಜೆ ನಡೆದ ಮಾತಿದು.

“ದಾದೀ, ಹೊಸ ಮನೆಯಲ್ಲಿ ಹೀಟರ್ ಹಾಕಿದ್ದೇನೆ, ಅಲ್ಲಿಗೇ ಬನ್ನಿ” ಎಂದು ಕಾಲೇಜಿಗೆ ಹೋಗುವ ಮೊಮ್ಮಗ ಕರೆದ.

“ಕರೆಂಟು ಇರುವವರೆಗೆ ಅಲ್ಲಿ ಬೆಚ್ಚಗೆ, ಬೇಟಾ. ನನ್ನ ಗೋಡೆಗೆ ಕರೆಂಟು ಬೇಡ” ಎಂದು ಅಜ್ಜಿ ಕಂಬಳಿ ಹೊದ್ದುಕೊಂಡಳು.

ಅಜ್ಜಿಯ ಮಾತಿನಲ್ಲಿ ವಿಜ್ಞಾನವಿದೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಚಾವಣಿಯನ್ನು ಶಾಖ ದಾಟಲು ಮೂರು ಗಂಟೆಯ ಆಸುಪಾಸು ಸಾಕು. ಮೇ ತಿಂಗಳ ಮಧ್ಯಾಹ್ನ ತಾರಸಿಯ ಮೈ 50 ಡಿಗ್ರಿ ದಾಟುತ್ತದೆ. ಸಂಜೆ ಹೊರಗೆ ತಂಪಾದರೂ ಒಳಗೆ ಚಾವಣಿ ತಲೆಯ ಮೇಲೆ ಒಲೆಯಂತೆ ಶಾಖ ಸೂಸುತ್ತಿರುತ್ತದೆ. ಜನವರಿಯ ತಿಳಿ ಆಕಾಶದ ರಾತ್ರಿ ಇದಕ್ಕೆ ವಿರುದ್ಧ: ಚಾವಣಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ವಿಕಿರಣದಿಂದ ಕಳೆದುಕೊಂಡು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೀಟರ್ ಗಾಳಿಯನ್ನು ಬಿಸಿಮಾಡಬಹುದು. ಆದರೆ ಮೇಲಿನ ತಣ್ಣನೆಯ ಕಾಂಕ್ರೀಟಿಗೆ ಮೈಯ ಶಾಖ ಹೋಗುತ್ತಲೇ ಇರುತ್ತದೆ. ಬೆಚ್ಚಗಿನ ಗಾಳಿಯಲ್ಲೂ ಮೈ ನಡುಗುವುದು ಇದಕ್ಕೇ.

ಬೇಸಗೆಗೆ ಮನೆಮನೆಗೂ ಕೂಲರ್ ಬಂದಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಗುಪ್ತೋಷ್ಣ ಬೇಕು. ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುವುದರಿಂದ ಗಾಳಿ ತಂಪಾಗುತ್ತದೆ. ಒಣ ಹವೆಯ ಮೇ ತಿಂಗಳಿಗೆ ಇದು ಒಳ್ಳೆಯ ಯಂತ್ರ. ಜುಲೈಯಲ್ಲಿ ಮಳೆ ಹಿಡಿದರೆ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಕೂಲರಿನ ನೀರು ಆವಿಯಾಗಲು ಎಡೆಯೆಲ್ಲಿ? ಕೋಣೆ ಇನ್ನಷ್ಟು ಜಿಗುಟಾಗುತ್ತದೆ ಅಷ್ಟೆ. ಮಣ್ಣಿನ ಲೇಪವಾದರೋ ಗಾಳಿಯ ತೇವವನ್ನು ತಾನು ಹೀರಿಕೊಂಡು, ಗಾಳಿ ಒಣಗಿದಾಗ ಹಿಂದಕ್ಕೆ ಕೊಡುತ್ತದೆ.

ನೆಲ ನಡುಗಿದ ಬೆಳಗು

ಹಾಗಾದರೆ ಜನ ಮೂರ್ಖರೇ? ಖಂಡಿತ ಅಲ್ಲ. ಆ ಅಂಗಳದಲ್ಲಿ ಅಜ್ಜಿಯ ಮಾತಿಗೆ ಸೊಸೆಯ ಉತ್ತರವೂ ಇತ್ತು. “ಗೋಡೆಗೆ ಕರೆಂಟು ಬೇಡ ನಿಜ, ಅಮ್ಮಾ. ಆದರೆ ಮಣ್ಣು ಹೊತ್ತು, ಸಗಣಿ ಕಲಸಿ, ವರ್ಷವರ್ಷ ಬಳಿಯುವ ಕೈ ಯಾವುದು?”

ಅದು ಹೆಂಗಸರ ಕೈ. ಮಳೆ ಮುಗಿದು ದೀಪಾವಳಿಗೆ ಮುಂಚೆ ಮನೆಯ ಮೈಯೆಲ್ಲ ಹೊಸದಾಗಿ ಬಳಿಯುವ ಕೆಲಸ ಅವರದು. ಸೋರುವ ಸ್ಲೇಟು ಬದಲಿಸುವ ಕುಶಲಕರ್ಮಿಗಳು ಅಪರೂಪವಾದರು. ಜೊತೆಗೆ ಹೆಣ್ಣು ಕೊಡಲು ಬಂದವರು ಮೊದಲು ಚಾವಣಿ ನೋಡುತ್ತಾರೆ. ‘ಕಚ್ಚಾ’ ಮನೆ ಎಂಬ ಹೆಸರಿನಲ್ಲೇ ಒಂದು ಅವಮಾನವಿದೆ.

ಎಲ್ಲಕ್ಕಿಂತ ಮಿಗಿಲಾದ ಭಯ ಇನ್ನೊಂದಿದೆ. 1905ರ ಏಪ್ರಿಲ್ 4ರ ಬೆಳಗಿನ ಜಾವ, ಊರು ಇನ್ನೂ ಹಾಸಿಗೆಯಲ್ಲಿದ್ದಾಗ, ಕಾಂಗ್ಡಾದ ನೆಲ ನಡುಗಿತು. 7.8ರಷ್ಟು ತೀವ್ರತೆಯ ಆ ಭೂಕಂಪದಲ್ಲಿ ಸುಮಾರು 20,000 ಜನ ಸತ್ತರು. ಕಾಂಗ್ಡಾ ಪಟ್ಟಣ, ಧರ್ಮಶಾಲಾ ಎರಡೂ ನೆಲಸಮವಾದವು. ಜನರನ್ನು ಕೊಂದದ್ದು ಅವರ ಮನೆಗಳೇ. ಶಾಖವನ್ನು ಕೂಡಿಡುವ ಅದೇ ಭಾರ ಭೂಕಂಪದಲ್ಲಿ ವೈರಿ. ತೂಕ ಹೆಚ್ಚಿದಷ್ಟೂ ನಡುಕದ ಬಲ ಹೆಚ್ಚು, ಮಣ್ಣಿಗೋ ಎಳೆತ ತಡೆಯುವ ಶಕ್ತಿಯಿಲ್ಲ. ಮೇಲೆ ಸ್ಲೇಟುಕಲ್ಲಿನ ಹೊರೆ ಬೇರೆ. ಈ ಮಾತನ್ನು ಮರೆತು ಮಣ್ಣಿನ ಮನೆಯನ್ನು ಹೊಗಳುವುದು ಸುಳ್ಳು ಹೇಳಿದಂತೆ.

ಆದರೆ ಲೆಂಟರ್ ಮನೆಯೂ ತಾನಾಗಿ ಭದ್ರವಲ್ಲ. ಸರಿಯಾದ ಕಬ್ಬಿಣ, ಸರಿಯಾದ ಕಂಬ, ಗಟ್ಟಿ ನೆಲ ಇಲ್ಲದೆ ಕಟ್ಟಿದ ಕಾಂಕ್ರೀಟು ಇನ್ನೂ ಭಾರವಾಗಿ ಬೀಳುತ್ತದೆ. 2023ರ ಮಳೆಗಾಲದಲ್ಲಿ ಹಿಮಾಚಲದ ಇಳಿಜಾರುಗಳಲ್ಲಿ ಕಾಂಕ್ರೀಟಿನ ಕಟ್ಟಡಗಳೂ ಇಸ್ಪೀಟಿನ ಎಲೆಗಳಂತೆ ಕುಸಿದದ್ದನ್ನು ದೇಶವೇ ನೋಡಿತು.

ಮಣ್ಣನ್ನು ನಂಬಿದವರು

ಪಾಲಂಪುರದ ಹತ್ತಿರ ಅಂದ್ರೆಟ್ಟಾ ಎಂಬ ಹಳ್ಳಿಯಿದೆ. ಐರ್ಲೆಂಡಿನಲ್ಲಿ ಹುಟ್ಟಿ ಪಂಜಾಬಿ ರಂಗಭೂಮಿಗೆ ದುಡಿದ ನೋರಾ ರಿಚರ್ಡ್ಸ್ ಇಲ್ಲಿ ನೆಲೆ ನಿಂತು, ಊರಿನವರಂತೆಯೇ ಮಣ್ಣಿನ ಮನೆ ಕಟ್ಟಿಕೊಂಡು, 1971ರಲ್ಲಿ ತೀರಿಕೊಳ್ಳುವವರೆಗೂ ಬಾಳಿದರು. ಮುಂದೆ ಡೀಡೀ ಕಾಂಟ್ರಾಕ್ಟರ್ ಬಂದರು. 1929ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಕೆ ವಾಸ್ತುಶಿಲ್ಪದ ಪದವಿ ಪಡೆದವರಲ್ಲ. ಕಾಂಗ್ಡಾದ ಹಳೆಯ ಮನೆಗಳನ್ನೂ ಮೇಸ್ತ್ರಿಗಳನ್ನೂ ಗುರುವಾಗಿಟ್ಟುಕೊಂಡು ಮಣ್ಣು, ಬಿದಿರು, ಸ್ಲೇಟು, ನದಿಯ ಕಲ್ಲುಗಳಲ್ಲಿ ಮನೆ, ಚಿಕಿತ್ಸಾಲಯ, ಶಿಕ್ಷಣ ಕೇಂದ್ರಗಳನ್ನು ಕಟ್ಟಿದರು. ಬೆಳಕು ಧಾರಾಳವಾಗಿ ಬರುವ ಕಿಟಕಿಗಳನ್ನಿಟ್ಟು, ಮಣ್ಣಿನ ಮನೆ ಕತ್ತಲೆಯದು ಎಂಬ ದೂರನ್ನು ಸುಳ್ಳು ಮಾಡಿದರು. 2018ನೇ ಸಾಲಿನ ನಾರೀ ಶಕ್ತಿ ಪುರಸ್ಕಾರ ಅವರಿಗೆ ಸಂದಿತು. 2021ರಲ್ಲಿ ತೀರಿಕೊಂಡರು. ಕಣಿವೆಯ ಕೆಳಭಾಗದ ಪ್ರಾಗ್‌ಪುರವನ್ನು 1997ರಲ್ಲಿ ಹಿಮಾಚಲ ಸರ್ಕಾರ ಪಾರಂಪರಿಕ ಗ್ರಾಮವೆಂದು ಘೋಷಿಸಿತು. ಅದರ ಕಲ್ಲುಹಾಸಿನ ಓಣಿಗಳು, ಮಣ್ಣು ಬಳಿದ ಗೋಡೆಗಳು, ಸ್ಲೇಟಿನ ಮಾಡುಗಳು ಇಂದು ಯಾತ್ರಿಕರನ್ನು ಸೆಳೆಯುತ್ತಿವೆ.

ಎಲ್ಲರೂ ಮಣ್ಣಿಗೆ ಮರಳಬೇಕೆಂದು ಇದರ ಅರ್ಥವಲ್ಲ. ಹಳೆಯ ಮನೆಯ ಬುದ್ಧಿಯನ್ನು ಹೊಸ ಮನೆಗೂ ಕಲಿಸಬಹುದು. ಲೆಂಟರಿನ ಮೇಲೆ ಒಂದಿಷ್ಟು ಗಾಳಿಯಾಡುವ ಎಡೆ ಬಿಟ್ಟು ಹಗುರವಾದ ಇಳಿಜಾರು ಮಾಡು ಹಾಕಿದರೆ ಅದೇ ಅಟ್ಟದ ಕೆಲಸ ಮಾಡುತ್ತದೆ, ಮಳೆಯೂ ನಿಲ್ಲುವುದಿಲ್ಲ. ದಕ್ಷಿಣಕ್ಕೆ ದೊಡ್ಡ ಕಿಟಕಿ, ಅದರ ಮೇಲೆ ಲೆಕ್ಕ ಹಾಕಿದ ಸೂರು. ಚಳಿಗೆ ಬಾಗಿಲ ಸಂದು ಮುಚ್ಚಿದರೂ ಬೆಂಕಿಯಿರುವ ಕೋಣೆಗೆ ಗಾಳಿಗಂಡಿ. ಹಳೆಯ ಮನೆಯೇ ಇದ್ದರೆ ಗೋಡೆಯ ಸುತ್ತ ಮರದ ಪಟ್ಟಿಗಳನ್ನು ಮೂಲೆಗಳಲ್ಲಿ ಬಿಗಿಯಾಗಿ ಬೆಸೆದು ಕಟ್ಟಿದರೆ ನಡುಕಕ್ಕೆ ಗೋಡೆಗಳು ಒಂದೊಂದು ದಿಕ್ಕಿಗೆ ಬೀಳದೆ ಒಟ್ಟಾಗಿ ನಿಲ್ಲುತ್ತವೆ. ಇದಕ್ಕೆ ತಿಳಿದ ಎಂಜಿನಿಯರರ ಕಣ್ಣು ಬೇಕೇ ಬೇಕು.

ಆ ಅಂಗಳದ ಯಜಮಾನ ಹಳೆಯ ಮನೆಯನ್ನು ಬೇಸಗೆಗೆ ಕೆಡವುವುದೆಂದು ಮಾತಾಡಿಟ್ಟಿದ್ದ. ಅಂದು ರಾತ್ರಿ ಮೊಮ್ಮಗ ಕಾಲೇಜಿನ ಪಾಠ ನೆನಪಿಸಿಕೊಂಡು ಎರಡು ಥರ್ಮಾಮೀಟರ್‌ಗಳನ್ನು ತೂಗುಹಾಕಿದ, ಒಂದು ಅಜ್ಜಿಯ ಕೋಣೆಯಲ್ಲಿ, ಇನ್ನೊಂದು ಹೀಟರ್ ಆರಿಸಿದ ತನ್ನ ಕೋಣೆಯಲ್ಲಿ. ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಓದಿ ಬರೆದಿಟ್ಟ. ತನ್ನ ಕೋಣೆಯ ಪಾದರಸ ಬಹಳ ಕೆಳಗಿಳಿದಿತ್ತು. ಅಜ್ಜಿಯ ಕೋಣೆಯದು ಇದ್ದಲ್ಲಿಂದ ಅಷ್ಟೇನೂ ಕದಲಿರಲಿಲ್ಲ. ಚೀಟಿಯನ್ನು ಅಪ್ಪನ ಮುಂದಿಟ್ಟ. ಅಪ್ಪ ಓದಿ, ಏನೂ ಹೇಳದೆ ಜಗಲಿಯ ಬಿಸಿಲಿಗೆ ಹೋಗಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ, “ಎಂಜಿನಿಯರ್ ಒಬ್ಬರನ್ನು ಕರೆಸಿ ಒಮ್ಮೆ ತೋರಿಸೋಣ” ಎಂದ. “ಆದರೆ ಇನ್ನು ಮುಂದೆ ಗೋಡೆ ಬಳಿಯುವಾಗ ನೀನೂ ಮಣ್ಣು ಹೊರಬೇಕು, ನಿನ್ನಮ್ಮ ಒಬ್ಬಳೇ ಅಲ್ಲ.”

ಇಂಥ ಪ್ರಯೋಗಕ್ಕೆ ಹಿಮಾಲಯವೇ ಬೇಕಿಲ್ಲ. ಮಣ್ಣಿನ ಗೋಡೆಯ ಮನೆ ನಮ್ಮೂರುಗಳಲ್ಲೂ ಇನ್ನೂ ಅಲ್ಲಲ್ಲಿ ಉಳಿದಿದೆ, ತಾರಸಿ ಮನೆ ಪಕ್ಕದಲ್ಲೇ ಇದೆ. ಎರಡು ಥರ್ಮಾಮೀಟರ್, ಒಂದು ನೋಟುಪುಸ್ತಕ, ಬೆಳಗಿನ ಜಾವ ಏಳುವ ಮನಸ್ಸು, ಇಷ್ಟಿದ್ದರೆ ಸಾಕು. ಕೆಡವುವ ಮುಂಚೆ ಅಳೆದು ನೋಡಬೇಕು.